ನಮ್ಮ ಹುಡುಗನಿಗೊಂದು ಹೆಸರು

ಜೂನ್ 18, 1999

ಬಂತು, ಬಂತು, ಬಂತು! ಧಾರವಾಡದಿಂದ ಕಾಗದ ಬಂತು. ನನ್ನ ಕಾದಂಬರಿ ಪುಸ್ತಕವಾಗುತ್ತದೆ!

ಮೊದಲನೆಯ ಪ್ರಕಾಶಕರು 'ಮಕ್ಕಳಿಗೆ ಬೇಕಾದ ನೀತಿ ಇದರಲ್ಲಿ ಸಾಲದು' ಎಂದು ವಾಪಸು ಕಳಿಸಿದ್ದರು. ಎರಡನೆಯವರು ಉತ್ತರವನ್ನೇ ಬರೆಯಲಿಲ್ಲ. ಅವರ ಮನೆಯ ಇಲಿಗಳಿಗಾದರೂ ಕಥೆ ಹಿಡಿಸಿರಬೇಕು. ಈ ಉದಯಕುಮಾರ ಎಂಬವರು ಮಾತ್ರ 'ಕೂತಲ್ಲಿಂದ ಏಳದೆ ಓದಿದೆ, ಮಕ್ಕಳ ದಿನಾಚರಣೆಗೆ ಬಿಡುಗಡೆ ಮಾಡೋಣ' ಎಂದಿದ್ದಾರೆ. ಈ ವಯಸ್ಸಿನಲ್ಲಿ ಕಾಗದ ಹಿಡಿದು ನಮ್ಮ ಪಾಳಾ ಊರಿನ ಬೀದಿಯಲ್ಲಿ ಓಡಿದೆ. ಅಂಗನವಾಡಿ ಅಕ್ಕೋರು ಓಡುವುದನ್ನು ಕಂಡು ನಾಯಿಗಳೂ ಹಿಂದೆ ಬಿದ್ದವು.

ಇವರು ಗಿರಣಿಯಲ್ಲಿ ಜೋಳ ಬೀಸುತ್ತಿದ್ದರು. ತಲೆ, ಹುಬ್ಬು, ಮೀಸೆ ಎಲ್ಲ ಹಿಟ್ಟು. ಆ ಸದ್ದಿನಲ್ಲಿ ನನ್ನ ಮಾತು ಏನು ಕೇಳಬೇಕು! ಕಾಗದ ಎತ್ತಿ ಆಡಿಸಿದೆ. ಅಷ್ಟು ಗಿರಾಕಿಗಳು ಕಾಯುತ್ತಿದ್ದರೂ ಮೋಟರು ನಿಲ್ಲಿಸಿದರು.

"ಏನ್ರಿ ಅಕ್ಕೋರ, ಎಲ್ಲಿ ಬೆಂಕಿ ಬಿದ್ದೈತಿ?"

"ಪುಸ್ತಕ ಆಗತೈತ್ರೀ!"

ಇವರು ಗಿರಾಕಿಗಳ ಕಡೆ ತಿರುಗಿ ಎರಡೂ ಕೈ ಎತ್ತಿದರು. "ಕೇಳ್ರಿಪಾ ಎಲ್ಲಾರೂ! ನಮ್ಮ ಮನಿಯಾಕಿ ಬುಕ್ ಬರದಾಳ. ಅದರಾಗ ಇರೋ ಹುಡುಗ ಯಾರು ಗೊತ್ತೈತೇನು? ನಾನ!"

"ಗೂಳಪ್ಪಣ್ಣಾ, ನೀ ಅದಿ ಅಂದ ಮ್ಯಾಲ ಅದನ್ನ ಓದಾವ್ರು ಯಾರೋ?" ಎಂದ ಪಕ್ಕದ ಅಂಗಡಿಯ ಶಂಕ್ರಪ್ಪ. ಗಿರಣಿಯೆಲ್ಲ ನಕ್ಕಿತು. ಇವರು ಮನೆಯಿಂದ ಬೆಲ್ಲದ ಪೆಂಟೆ ತರಿಸಿ ಒಡೆದು ಎಲ್ಲರ ಕೈಗೂ ಹಾಕಿದರು.

ಮನೆಗೆ ಬಂದು ಕಾಗದವನ್ನು ಸಮಾಧಾನದಿಂದ ಓದಿದಾಗ ಕೊನೆಯ ಸಾಲು ಚುಚ್ಚಿತು. 'ನಿಮ್ಮ ಕಥಾನಾಯಕನಿಗೆ ಮೊದಲಿಂದ ಕೊನೆಯವರೆಗೆ ಹೆಸರೇ ಇಲ್ಲ. ಮರೆತಿರಾ? ದಯವಿಟ್ಟು ಒಂದು ಹೆಸರು ಕೊಡಿ. ಇಲ್ಲದಿದ್ದರೆ ಓದುವ ಮಕ್ಕಳು ಅವನನ್ನು ಏನೆಂದು ಕರೆಯಬೇಕು?'

ಮರೆತೆನಂತೆ! ಮರೆಯಲು ಅದೇನು ಸಾರಿಗೆ ಹಾಕುವ ಉಪ್ಪೇ?

ಜೂನ್ 20

ಆ ಪುಣ್ಯಾತ್ಮರಿಗೆ ಏನೆಂದು ಉತ್ತರ ಬರೆಯಲಿ?

ಕಥೆ ಇವರದು. ಇವರಪ್ಪ ಅಣಶಿಯ ಕಾಡಿನಲ್ಲಿ ಮರದ ದಿಮ್ಮಿ ಎಳೆಯುವ ಗಾಡಿ ಹೊಡೆಯುತ್ತಿದ್ದರು. ಒಂದು ಎಮ್ಮೆಕರು ಕಳೆದುಹೋಗಿ, ಅದರ ಗೊರಸಿನ ಗುರುತು ಹಿಡಿದು ಚಿಕ್ಕ ಹುಡುಗನಾಗಿದ್ದ ಇವರು ಜೋಯಿಡಾ ದಾಟಿ ಕಾಳಿ ನದಿಯ ದಂಡೆಗುಂಟ ದಾಂಡೇಲಿಯವರೆಗೆ ಹೋಗಿದ್ದರಂತೆ. ಅರ್ಧ ನಿಜ, ಅರ್ಧ ಸುಳ್ಳು, ಹೇಳುವಾಗಲೆಲ್ಲ ಒಂದು ಹುಲಿ ಹೆಚ್ಚಾಗುತ್ತದೆ. ನಾನು ಅದನ್ನೇ ಅಂಗನವಾಡಿಯಲ್ಲಿ ಉಪ್ಪಿಟ್ಟು ತಿಂದಾದ ಮೇಲೆ ಮಕ್ಕಳಿಗೆ ಹೇಳಿದೆ. ಮಕ್ಕಳು ಕೂತು ಕೇಳಿದ್ದನ್ನು ಮನೆಗೆ ಬಂದು ಬರೆದೆ, ಎದ್ದು ನಲ್ಲಿಯ ಕಡೆ ಓಡಿದ್ದನ್ನು ಬಿಟ್ಟೆ. ಹೀಗೆಯೇ ಪುಸ್ತಕವಾಯಿತು.

ಬಾಯಲ್ಲಿ ಹೇಳಬೇಕಲ್ಲ, ಹೆಸರು ಹೇಗೆ ಹೇಳಲಿ? ಗಂಡನ ಹೆಸರು! ಮದುವೆಯ ದಿನ ಒಡಪಿನ ಪದ್ಯದೊಳಗೆ ಸೇರಿಸಿ, ಅದೂ ಸೆರಗು ಬಾಯಿಗಿಟ್ಟುಕೊಂಡು, ಒಮ್ಮೆ ಹೇಳಿದ್ದು. ಅವತ್ತೇ ಅತ್ತೆಯವರು ಒಳಗೆ ಕರೆದು, "ಇನ್ನ ಸಾಕವಾ. ಹೇಂತಿ ಹೆಸರ ಹಿಡದು ಕರದ್ರ ಗಂಡನ ಆಯುಷ್ಯ ಸವೀತೈತಿ" ಎಂದಿದ್ದರು. ಸರಕಾರಿ ಕಾಗದದಲ್ಲಿ ಬರೆಯುತ್ತೇನೆ, ತುಟಿ ಬಿಗಿಹಿಡಿದು. ಊರಿಗೆ ಊರೇ ದಿನವೆಲ್ಲ ಗಿರಣಿ ಮುಂದೆ ನಿಂತು ಆ ಹೆಸರನ್ನು ಕೂಗುತ್ತದೆ, ನಾನು ಮಾತ್ರ 'ಏನ್ರೀ'. ಅದಕ್ಕೇ ಕಾದಂಬರಿಯಲ್ಲಿ ಅವನು ಬರಿಯ 'ನಮ್ಮ ಹುಡುಗ'. ಬೇರೆ ಹೆಸರು ಇಟ್ಟರೆ ಬೇರೆಯವನಾಗಿಬಿಡುತ್ತಾನೆ ಅನಿಸುತ್ತಿತ್ತು.

ಜುಲೈ 12

ಇವತ್ತು ಮಕ್ಕಳ ಮುಂದೆ 'ಕುಬೇರ' ಎಂಬ ಹೆಸರಿಟ್ಟು ಕಥೆ ಹೇಳಿದೆ. ನಾಲ್ಕು ಮಾತು ಕೇಳಿ ಪುಟ್ಟ ಮೇಘಾ ಕೈ ಎತ್ತಿದಳು.

"ಅಕ್ಕೋರ, ಈ ಕುಬೇರ ಯಾರು? ನಮ್ಮ ಹುಡುಗ ಎಲ್ಲಿ ಹೋದ?"

ಉಳಿದವರು ನಲ್ಲಿಯ ಕಡೆ ಓಡಿದರು. ಪಾತ್ರೆ ತೊಳೆಯುತ್ತಿದ್ದ ನಮ್ಮ ಸಹಾಯಕಿ ಗಂಗಿಬಾಯಿ ಕಿಸಿಕಿಸಿ ನಕ್ಕಳು. "ಮನ್ಯಾಗ ಹೆಸರ ಇಟಗೊಂಡು ಊರ ತುಂಬ ಹುಡಕ್ಯಾಡತೀರಿ ನೋಡ್ರಿ ಬಾಯಾರ." ಅವಳ ನಾಲಿಗೆಗೆ ಎಲುಬಿಲ್ಲ. ಉದಯಕುಮಾರರಿಗೆ 'ಯೋಚಿಸುತ್ತಿದ್ದೇನೆ' ಎಂದು ಬರೆದು ಹಾಕಿದೆ.

ಆಗಸ್ಟ್ 9

ಇವರು ಗಿರಣಿಯಲ್ಲಿ ಬಿದ್ದರು. ಶಂಕ್ರಪ್ಪನ ಟೆಂಪೋದಲ್ಲಿ ಹುಬ್ಬಳ್ಳಿಗೆ ತಂದೆವು. ಮಾತಿಲ್ಲ.

ಆಗಸ್ಟ್ 13

ಜೀವಕ್ಕೆ ಅಪಾಯವಿಲ್ಲ ಎಂದರು. ಬಲಗೈ, ಬಲಗಾಲು ಹಿಡಿತದಲ್ಲಿಲ್ಲ. ಬಾಯಿ ಒಂದು ಕಡೆ ಸೊಟ್ಟಗಾಗಿದೆ. ಮೀಸೆಯಲ್ಲಿ ಇನ್ನೂ ಹಿಟ್ಟಿತ್ತು, ನಾನೇ ಒದ್ದೆ ಬಟ್ಟೆಯಿಂದ ಒರೆಸಿದೆ. ಒರೆಸುವಾಗ ಯಾಕೋ ಬಹಳ ಅಳು ಬಂತು.

ಬಂದ ದಿನ ಚೀಟಿ ಮಾಡಿಸುವಲ್ಲಿ ನರ್ಸು, "ಪೇಷಂಟ್ ಹೆಸರು?" ಎಂದಳು. ಶಂಕ್ರಪ್ಪನ ಮುಖ ನೋಡಿದೆ, ಅವನು ಹೇಳಿದ. ಇಂಥ ಹೊತ್ತಿನಲ್ಲೂ!

ಡಾಕ್ಟರು ಒಳ್ಳೆಯವರು. ಹೇಳಿದರು, "ಮಾತು ಕೇಳಸ್ತದ ಅವರಿಗೆ. ಮನಸ್ಸು ಬಾಗಿಲ ಹಾಕ್ಕೊಂಡದ. ನೀವು ಮಾತಾಡಸ್ತಾ ಇರ್ರಿ, ಓದಿ ಹೇಳ್ರಿ. ಮುಖ್ಯ ಅಂದ್ರ ಹೆಸರ ಹಿಡದು ಕರೀರಿ. ಕರದಾಗ ಒಂದ ಸಲ ಓ ಅಂದ್ರಂದ್ರ ಮುಂದಿಂದು ಹಗುರ."

ನಾನು ತಲೆಯಾಡಿಸಿದೆ. ಡಾಕ್ಟರು ಹೋದ ಮೇಲೆ ಮಂಚದ ಬಳಿ ಬಗ್ಗಿ "ಏನ್ರೀ" ಎಂದೆ. ಕಣ್ಣು ಮುಚ್ಚಿಕೊಂಡರು.

ಆಗಸ್ಟ್ 22

ಹಳಿಯಾಳದ ಕಾಲೇಜಿನಿಂದ ಮಗಳು ಬಂದಿದ್ದಾಳೆ. ಪೂರ್ಣಿಮಾಳ ಬಾಯಿ ನನ್ನದೇ, ಯಾರನ್ನೂ ಬಿಡುವುದಿಲ್ಲ. "ಅಪ್ಪಾ" ಎಂದು ಕರೆದು ಕರೆದು ಸೋತು ನನ್ನ ಮೇಲೆ ತಿರುಗಿದಳು.

"ಅವ್ವಾ, ಡಾಕ್ಟರು ಹೇಳ್ಯಾರ. ನೀ ಯಾಕ ಕರೀವಲ್ಲಿ? ಹೆಸರ ಹೇಳಿದ್ರ ಬಾಯಾಗ ಹುಳ ಬೀಳತಾವೇನು?"

"ನಿನಗ ತಿಳಿಯೂದಿಲ್ಲ ಸುಮ್ಮನಿರ."

"ಏನ ತಿಳಿಯೂದಿಲ್ಲ? ಬುಕ್ ಬರಿಯಾಕಿ ನೀನು!"

ಹೌದು, ಬುಕ್ ಬರೆಯುವವಳು ನಾನು. ಆದರೆ ಇವರು ಹೀಗೆ ಮಲಗಿರುವಾಗ, ದೀಪದ ಎಣ್ಣೆ ತೀರುತ್ತ ಬಂದಿರುವಾಗ, ಅತ್ತೆಯವರ ಮಾತು ನಿಜವಾಗಿಬಿಟ್ಟರೆ? ಗಟ್ಟಿ ಇದ್ದಾಗ ಕರೆಯಲಿಲ್ಲ, ಈಗ ಕರೆದು ಏನಾದರೂ ಆದರೆ ಆ ಹೆಸರನ್ನು ಯಾವ ಬಾಯಲ್ಲಿ ಹೇಳಿಕೊಂಡು ಅಳಲಿ? ಮಗಳಿಗೆ ಇದನ್ನು ಹೇಳಲಿಲ್ಲ. ಕೊರಳಿನ ಲಿಂಗ ಹಿಡಿದು ಕೂತೆ. ಅವಳು ಸಿಟ್ಟಿನಲ್ಲೇ ನನಗೆ ಚಹಾ ತಂದುಕೊಟ್ಟಳು.

ಸೆಪ್ಟೆಂಬರ್ 5

ಮನೆಗೆ ಬಂದೆವು. ಗಿರಣಿಯನ್ನು ಶಂಕ್ರಪ್ಪ ನೋಡಿಕೊಳ್ಳುತ್ತಿದ್ದಾನೆ. ಊರವರು ಸಾಲುಗಟ್ಟಿ ಬರುತ್ತಾರೆ, ಬಾಗಿಲಲ್ಲೇ "ಗೂಳಪ್ಪಣ್ಣಾ!" ಎನ್ನುತ್ತಾರೆ. ಇವರು ಗೋಡೆಯ ಕಡೆ ಹೊರಳುತ್ತಾರೆ. ಗಿರಣಿಯ ಸದ್ದನ್ನೂ ಮೀರಿ ಕೂಗುತ್ತಿದ್ದ ಮನುಷ್ಯ! ಊಟ ಹಾಕಿದರೆ ಉಣ್ಣುತ್ತಾರೆ, ಕರೆದರೆ ಇಲ್ಲ. ತಾನು ಯಾರಿಗೂ ಬೇಡದವನಾದೆ ಅಂದುಕೊಂಡಿದ್ದಾರೋ ಏನೋ.

ಧಾರವಾಡದ ವಿಚಾರ ನೆನಪಾದರೆ ಮೈ ಉರಿಯುತ್ತದೆ. ಸುಡಲಿ ಪುಸ್ತಕ.

ಸೆಪ್ಟೆಂಬರ್ 19

ಸುಡಲಿ ಅಂದಿದ್ದು ತಪ್ಪು. ಬಿಡ್ತು ಬಿಡ್ತು.

ಅಕ್ಟೋಬರ್ 6

ಅಚ್ಚಿನ ಕರಡು ಬಂದಿದೆ. 'ಕಾಳಿ ದಂಡೆಯ ಎಮ್ಮೆಕರು', ಕೆಳಗೆ ನನ್ನ ಹೆಸರು. ಎಷ್ಟು ಚೆಂದ ಕಾಣುತ್ತದೆ! ಆದರೆ ಆ ಮಹಾರಾಯರು 'ನಮ್ಮ ಹುಡುಗ' ಎಂದಿದ್ದಲ್ಲೆಲ್ಲ ಚುಕ್ಕಿಗಳನ್ನಿಟ್ಟು ಜಾಗ ಬಿಟ್ಟಿದ್ದಾರೆ. 'ಹೆಸರು ತುಂಬಿ, ತಪ್ಪು ತಿದ್ದಿ ಬೇಗ ಕಳಿಸಿ, ಅಚ್ಚು ನಿಂತಿದೆ' ಎಂದು ಚೀಟಿ. ಪುಟ ತೆರೆದರೆ ಎಲ್ಲೆಲ್ಲೂ ಚುಕ್ಕಿ, ಹೆಸರಿನ ಮೇಲೆ ಇರುವೆ ಹರಿದಾಡಿದ ಹಾಗೆ.

ಅಕ್ಟೋಬರ್ 8

ಅಕ್ಷರ ಹೇಗೆ ಬಂದರೂ ಬರಲಿ, ಬರೆಯಲೇಬೇಕು.

ತಪ್ಪು ತಿದ್ದಬೇಕಾದರೆ ಜೋರಾಗಿ ಓದಿಕೊಳ್ಳುವುದು ನನ್ನ ರೂಢಿ. ಮಧ್ಯಾಹ್ನ ಇವರ ಮಂಚದ ಬಳಿ ಕೂತು ಓದತೊಡಗಿದೆ. ಡಾಕ್ಟರೂ ಓದಿ ಹೇಳಿ ಎಂದಿದ್ದರಲ್ಲ, ಒಂದೇ ಕಲ್ಲಿಗೆ ಎರಡು ಹಕ್ಕಿ. ಇವರು ಗೋಡೆಯ ಕಡೆ ಮುಖ ಮಾಡಿದ್ದರು. ಚುಕ್ಕಿ ಬಂದಲ್ಲಿ ಏನು ಓದಬೇಕೆಂದು ತಿಳಿಯದೆ ನಿಲ್ಲುತ್ತಿದ್ದೆ, ಉಸಿರು ತೆಗೆದುಕೊಂಡು ಮುಂದೆ ಹೋಗುತ್ತಿದ್ದೆ. 'ಅವತ್ತು ಬೆಳಿಗ್ಗೆ ... ಎದ್ದು ಕೊಟ್ಟಿಗೆಗೆ ಹೋದ. ಕರು ಇರಲಿಲ್ಲ.' 'ಅಪ್ಪ ಬೈಯುತ್ತಾನೆಂದು ... ಯಾರಿಗೂ ಹೇಳಲಿಲ್ಲ.'

ಎರಡನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಇವರು ಈ ಕಡೆ ಹೊರಳಿದ್ದರು. ನಾನು ನೋಡಿಯೂ ನೋಡದವಳ ಹಾಗೆ ಓದಿದೆ. ಕಾಡಿನ ಹಳ್ಳದ ದಂಡೆಯಲ್ಲಿ ಗೊರಸಿನ ಗುರುತು ಸಿಗುತ್ತದೆ. 'ಕೆಸರಿನಲ್ಲಿ ಕೂತು, ಗುರುತಿನ ಮೇಲೆ ಕೈಯಿಟ್ಟು ನೋಡಿದವನು ...'

ನಿಂತೆ.

"ಗೂ..." ಎಂದರು ಇವರು. ಬಾಯಿಯ ಮೂಲೆಯಿಂದ ಜೊಲ್ಲು ಇಳಿಯಿತು. "ಗೂ... ಳ್ಯಾ."

ಗೂಳ್ಯಾ! ಚಿಕ್ಕವರಿದ್ದಾಗ ಅತ್ತೆಯವರು ಕರೆಯುತ್ತಿದ್ದ ಹೆಸರು. ನಾನು ಕರಡು ಕೆಳಗೆ ಹಾಕಿ ಇವರ ಎರಡೂ ಕೆನ್ನೆ ಹಿಡಿದುಕೊಂಡೆ. "ಏನಂದ್ರಿ? ಇನ್ನೊಮ್ಮೆ ಅನ್ರಿ!" ಅನ್ನಲಿಲ್ಲ. ಕರಡಿನ ಕಡೆ ಕಣ್ಣು ಮಾಡಿದರು, ಮುಂದೆ ಓದು ಎಂಬಂತೆ. ಓದಿದೆ. ಕತ್ತಲಾಗುವವರೆಗೆ ಓದಿದೆ. ಚುಕ್ಕಿ ಬಂದಾಗಲೆಲ್ಲ ನಾನು ನಿಲ್ಲುವುದು, ಇವರು ತುಂಬುವುದು. ಒಮ್ಮೊಮ್ಮೆ ಬರಿಯ "ಗೂ", ಒಮ್ಮೊಮ್ಮೆ ಪೂರ್ತಿ.

ಶಿವನೇ, ನಿನ್ನ ಕಾಲಿಗೆ ಬಿದ್ದೆ.

ಅಕ್ಟೋಬರ್ 11

ಚುಕ್ಕಿಯಿದ್ದಲ್ಲೆಲ್ಲ 'ಗೂಳ್ಯಾ' ಎಂದು ಬರೆದೆ, ತುಟಿ ಬಿಗಿಹಿಡಿದು. ಅಂಚೆಗೆ ಹಾಕಲು ಹೊರಟವಳು ಅರ್ಧ ದಾರಿಯಲ್ಲಿ ನಿಂತೆ. ಊರೂರಿನ ಮಕ್ಕಳೆಲ್ಲ ಈ ಹೆಸರು ಹಿಡಿದು ಕೂಗುತ್ತಾರಲ್ಲ! ಅಂಗನವಾಡಿಯಲ್ಲಿ ಗಂಗಿಬಾಯಿಗೆ ಹೇಳಿಬಿಟ್ಟೆ. ಅವಳು ರವೆ ಹುರಿಯುವುದನ್ನು ನಿಲ್ಲಿಸಲಿಲ್ಲ.

"ಬಾಯಾರ, ಅವರನ್ನ ಹಡದಾಕಿ ದಿನಾ ಕರದಾಳೋ ಇಲ್ಲೋ?"

"ಕರದಾರ."

"ಆಯುಷ್ಯ ಕಡಿಮಿ ಆತೇನು? ಹಾಲು ಕುಡದು ಗೂಳಿ ಆದಂಗ ಆದ್ರು. ಪ್ರೀತಿಲೆ ಕರದ್ರ ಹೆಸರು ಸವಿಯೂದಿಲ್ರಿ, ಕರೀದ ಇದ್ರ ಸವೀತೈತಿ. ಊರಾಗಿನ ಮಂದಿ ಎಲ್ಲಾ ಕರದು ಹೋದ್ರು. ಕರೀಬೇಕಾದಾಕಿ ಒಬ್ಬಾಕಿ ಕರದಿಲ್ಲ ನೋಡ್ರಿ."

ನಾನು ಸಿಟ್ಟಿನಿಂದ ಹಾಜರಿ ಬರೆಯಲು ಕೂತೆ. ಸಿಟ್ಟು ಅವಳ ಮೇಲಲ್ಲ. ಕರಡನ್ನು ಅಂಚೆಗೆ ಹಾಕಿ ಬಂದೆ.

ಅಕ್ಟೋಬರ್ 25

ಪುಟ್ಟ ಪುಟ್ಟ ಮಾತು ಬರುತ್ತಿವೆ. ನೀರು. ಬ್ಯಾಡ. ಉಪ್ಪು. (ಸಾರಿಗೆ ಉಪ್ಪಿಲ್ಲ ಎಂದು ಇವತ್ತು ಮೂತಿ ತಿರುವಿದರು. ಇಷ್ಟು ಸಂತೋಷದಿಂದ ನಾನು ಎಂದೂ ಉಪ್ಪು ಹಾಕಿರಲಿಲ್ಲ.) ಆದರೆ ಹೊರಗಿನವರು ಬಂದು ಕರೆದರೆ ಈಗಲೂ ಗೋಡೆಯೇ. ಪೂರ್ಣಿಮಾ ಕರೆದರೂ ಕಣ್ಣು ಮುಚ್ಚುತ್ತಾರೆ. ಓ ಅನ್ನುವುದಿಲ್ಲ. ಡಾಕ್ಟರು ಆ ಒಂದು ಓ ಬರಲಿ ಎಂದೇ ಹೇಳುತ್ತಿದ್ದಾರೆ. ಪುಸ್ತಕದೊಳಗಿನ ಹುಡುಗನ ಹೆಸರು ಹೇಳುತ್ತಾರೆ, ಅದು ತನ್ನದೇ ಎಂದು ಮಾತ್ರ ಒಪ್ಪುವುದಿಲ್ಲ.

ನವೆಂಬರ್ 9

ಉದಯಕುಮಾರರ ಆಮಂತ್ರಣ ಪತ್ರಿಕೆ ಬಂತು. ಭಾನುವಾರ ಧಾರವಾಡದಲ್ಲಿ ಮಕ್ಕಳ ಪುಸ್ತಕಗಳ ಬಿಡುಗಡೆ. ನನ್ನದೂ ಸೇರಿ ಆರು ಪುಸ್ತಕ. ಲೇಖಕರು ಒಂದೊಂದು ಅಧ್ಯಾಯ ಓದಬೇಕಂತೆ. ಜೂನ್‌ನಲ್ಲೇ ಇದಕ್ಕೆಂದು ಇಳಕಲ್ ಸೀರೆ ತೆಗೆದಿಟ್ಟಿದ್ದೆ, ವೇದಿಕೆ ಮೇಲೆ ಹೇಗೆ ನಡೆಯಬೇಕು ಎಂದು ಹಿತ್ತಲಲ್ಲಿ ನಡೆದು ನೋಡಿದ್ದೆ. ಪೂರ್ಣಿಮಾ, "ನಾನು ಅಪ್ಪನ್ನ ನೋಡ್ಕೋತೇನಿ, ನೀ ಹೋಗಿ ಬಾರವಾ" ಎಂದಳು. ಶಂಕ್ರಪ್ಪನ ಅಂಗಡಿಯಿಂದ ಫೋನು ಮಾಡಿ, ಬರಲು ಆಗುವುದಿಲ್ಲ ಎಂದು ತಿಳಿಸಿದೆ.

ಗೂಳಪ್ಪ ಇವತ್ತು ಕೋಲು ಹಿಡಿದು ಅಂಗಳದವರೆಗೆ ನಡೆದರು. ಚಳಿ ಶುರುವಾಗಿದೆ, ಮುಂಡಗೋಡದ ಟಿಬೆಟನ್ ಕ್ಯಾಂಪಿನಿಂದ ತಂದ ಸ್ವೆಟರ್ ಹಾಕಿದೆ. ಬಲಗೈ ತೋಳಿನೊಳಗೆ ತೂರಿಸುವಾಗ ಇಬ್ಬರಿಗೂ ನಗು ಬಂತು.

ನವೆಂಬರ್ 14

ಈ ಹೊತ್ತಿಗೆ ಧಾರವಾಡದಲ್ಲಿ ಭಾಷಣ ನಡೆದಿರಬೇಕು. ನಾವು ಮೆಂತೆ ಸೊಪ್ಪು ಸೋಸಿದೆವು. ಗೂಳಪ್ಪ ಎಡಗೈಯಿಂದ ಸೋಸಿದ್ದರಲ್ಲಿ ಸೊಪ್ಪಿಗಿಂತ ಕಡ್ಡಿಯೇ ಹೆಚ್ಚು. ಹಾಗೇ ಪಲ್ಯ ಮಾಡಿದೆ.

ನವೆಂಬರ್ 21

ಎಲ್ಲಿಂದ ಶುರು ಮಾಡಲಿ?

ಬೆಳಿಗ್ಗೆ ಉದಯಕುಮಾರರು ಪುಸ್ತಕದ ಕಟ್ಟು ಹೊತ್ತು ಪಾಳಾಕ್ಕೇ ಬಂದುಬಿಟ್ಟರು. ಸಣ್ಣ ಪ್ರಾಯದವರು, ಕನ್ನಡಕದ ಹುಡುಗ! ನಾನು ಮುದುಕರೆಂದುಕೊಂಡು 'ಪೂಜ್ಯರೇ' ಎಂದು ಬರೆಯುತ್ತಿದ್ದೆ. "ನೀವು ಬರಲಿಲ್ಲಂದ್ರ ನಾವ ಬರತೇವ್ರಿ. ಬಿಡುಗಡಿ ಇಲ್ಲೇ ಇನ್ನೊಮ್ಮೆ ಆಗ್ಲಿ" ಎಂದರು. ಶಂಕ್ರಪ್ಪ ಗಿರಣಿಯ ಅಂಗಳ ಗುಡಿಸಿ ತಾಡಪತ್ರಿ ಹಾಸಿದ. ಗಂಗಿಬಾಯಿ, ನೆರೆಮನೆಯ ಮಾಲವ್ವ ಸೇರಿ ಗೋಧಿ ಹುಗ್ಗಿಗೆ ಎಸರಿಟ್ಟರು. ಬೀಸಲು ಬಂದವರು ಚೀಲ, ಬುಟ್ಟಿ ಪಕ್ಕಕ್ಕಿಟ್ಟು ಕೂತರು. ನನ್ನ ಅಂಗನವಾಡಿ ಮಕ್ಕಳೆಲ್ಲ ಮುಂದಿನ ಸಾಲು. ಗೂಳಪ್ಪನನ್ನು ಕುರ್ಚಿ ಹಾಕಿ ಬಾಗಿಲ ಬಳಿ ಕೂರಿಸಿದೆವು, ಜನ ನೋಡಿ ಮುಖ ಬಿಗಿಯಾಯಿತು. ಇಳಕಲ್ ಸೀರೆ ಉಟ್ಟೆ. ಉಡಿಸಿದಳು ಮಗಳು, ಬೈದುಕೊಂಡೇ.

ಪುಸ್ತಕಕ್ಕೆ ವಿಭೂತಿ, ಹೂವು ಏರಿಸಿ ಮಕ್ಕಳ ಕೈಗೆ ಕೊಟ್ಟೆವು. ಹೊಸ ಕಾಗದದ ವಾಸನೆ ಮೂಸಿದ್ದೇ ಮೂಸಿದ್ದು.

"ಈಗ ಲೇಖಕರು ಓದತಾರ" ಎಂದರು ಉದಯಕುಮಾರರು.

ನಾನು ಮೊದಲೇ ಉಪಾಯ ಮಾಡಿಕೊಂಡಿದ್ದೆ. ಎಮ್ಮೆಕರು ಮೊಸಳೆ ನೋಡುವ ಅಧ್ಯಾಯ, ಅದರಲ್ಲಿ ಹುಡುಗನ ಹೆಸರು ಅಪರೂಪ. ಬಂದಲ್ಲೂ ನಾಲಿಗೆ ಹೊರಳಿಸಿ 'ನಮ್ಮ ಹುಡುಗ' ಎಂದರಾಯಿತು. ಪುಟ ತೆರೆಯುವುದರೊಳಗೆ ಮೇಘಾ ಎದ್ದಳು.

"ಅಕ್ಕೋರ, ಅದ ಬ್ಯಾಡ. ಅವ್ವ ಕರೀತಾಳಲ್ಲ, ಅದನ್ನ ಹೇಳ್ರಿ!"

"ಹೂಂ, ಅವ್ವ ಕರಿಯೂದು!" ಎಲ್ಲವೂ ಕೂಗಿದವು.

ಮಕ್ಕಳ ಮಾತು ಮೀರಿ ನಾನು ಎಂದೂ ಕಥೆ ಹೇಳಿದವಳಲ್ಲ. ತೆರೆದೆ. ಸಂಜೆಯಾಗಿದೆ, ಹುಡುಗ ಮನೆಗೆ ಬಂದಿಲ್ಲ, ಅವನವ್ವ ಅಣಶಿಯ ಕಾಡಿನ ಅಂಚಿನಲ್ಲಿ ನಿಂತಿದ್ದಾಳೆ. ಓದುತ್ತ ಹೋದೆ, 'ನಮ್ಮ ಹುಡುಗ, ನಮ್ಮ ಹುಡುಗ' ಎಂದೇ. ಪೂರ್ಣಿಮಾ ಹಿಂದಿನಿಂದ ಕೆಮ್ಮಿದಳು, ಕಳ್ಳತನ ಅವಳಿಗೆ ತಿಳಿದಿತ್ತು. ಅವ್ವ ಎರಡೂ ಕೈ ಬಾಯಿಗೆ ಒಡ್ಡಿ ಕೂಗುವ ಸಾಲಿಗೆ ಬಂದೆ. ಅಲ್ಲಿ ಏನು ಮಾಡಲಿ? ಯಾವ ತಾಯಿ ಕಾಡಿನ ಮುಂದೆ ನಿಂತು 'ನಮ್ಮ ಹುಡುಗಾ' ಎಂದು ಕರೆಯುತ್ತಾಳೆ?

ಹುಗ್ಗಿಯ ಪಾತ್ರೆಯ ಬಳಿ ಗಂಗಿಬಾಯಿ ಸೌಟು ಹಿಡಿದು ನಿಂತಿದ್ದಳು. ತಲೆ ಎತ್ತಿದರೆ ಬಾಗಿಲ ಬಳಿ ಗೂಳಪ್ಪ. ಮುಖ ಗೋಡೆಯ ಕಡೆ ತಿರುಗಿತ್ತು. ನನಗೆ ಹೆದರಿಕೆಯಾಯಿತು, ಬಹಳ ಹೆದರಿಕೆಯಾಯಿತು. ಇನ್ನು ಹೀಗೇ ಗೋಡೆ ನೋಡುತ್ತಲೇ ಉಳಿದುಬಿಟ್ಟರೆ ಎಂಬ ಹೆದರಿಕೆ.

ಪುಸ್ತಕ ಮಡಿಲಿಗೆ ಹಾಕಿ, ಎರಡೂ ಕೈ ಬಾಯಿಗೆ ಒಡ್ಡಿ ಕೂಗಿದೆ.

"ಗೂಳ್ಯಾ! ಏ ಗೂಳ್ಯಾ!"

ಮಾಲವ್ವ ಅಯ್ಯಯ್ಯ ಎಂದು ಸೆರಗು ಬಾಯಿಗೆ ಇಟ್ಟುಕೊಂಡಳು. ಗಂಡಸರು ನಗು ನುಂಗಿದರು. ನನಗೆ ಯಾರೂ ಕಾಣಲಿಲ್ಲ. ಇನ್ನೊಮ್ಮೆ ಕೂಗಿದೆ, ಗಿರಣಿ ನಡೆಯುತ್ತಿದ್ದರೂ ಕೇಳಬೇಕು ಅಷ್ಟು ಜೋರಾಗಿ.

"ಗೂಳ್ಯಾ! ಎಲ್ಲಿ ಅದಿಯೋ? ಮನಿಗೆ ಬಾರೋ!"

ಗೋಡೆಯ ಕಡೆಗಿದ್ದ ಮುಖ ತಿರುಗಿತು. ನನ್ನನ್ನೇ ನೋಡಿದರು. ಸೊಟ್ಟ ಬಾಯಿ ಅಲುಗಿತು.

"ಓ" ಎಂದರು. ಮತ್ತೆ, ಇನ್ನೂ ಗಟ್ಟಿಯಾಗಿ, "ಓ... ಬಂದೆ."

ಪೂರ್ಣಿಮಾ ಅಪ್ಪನ ಕುರ್ಚಿಯ ಬಳಿ ಕುಸಿದು ಕೂತಳು. ಮೇಘಾ ಮಾತ್ರ ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತಳು, ಕಥೆಯನ್ನು ಬಲ್ಲವಳು ಅವಳು.

"ಅಜ್ಜಾರ, ಈಗ ಓ ಅನ್ನಬಾರ್ದು! ಅಕ್ಕೋರ, ನೀವರ ಹೇಳ್ರಿ. ಅಂವ ಇನ್ನೂ ಕಾಡಿನ್ಯಾಗ ಅದಾನಲ್ಲ!"

"ಇಲ್ಲವಾ," ಎಂದೆ, "ಬಂದಾನ."

ಉಳಿದ ಅಧ್ಯಾಯವನ್ನು ಉದಯಕುಮಾರರು ಓದಿದರು.